ತಲೆಯೊಳಗಿನ ಕಾವು



ಔರಾದ್ ರಸ್ತೆಯಲ್ಲಿ ಒಬ್ಬಾತ ಬೈಕಿನಿಂದ ಬಿದ್ದು ಎಚ್ಚರ ತಪ್ಪಿದ್ದಾನೆ ಅನ್ನಿ. ಸೇರಿದ ಜನ ಮೊದಲು ಹುಡುಕುವುದು ನೀರನ್ನು, ತಲೆಗೆ ಸುರಿಯಲು, ಬಾಯಿಗೆ ಹಾಕಲು. ತಲೆ ತಂಪಾದರೆ ಜೀವ ಉಳಿದೀತು ಎಂಬ ಆಸೆ. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು, ದಯವಿಟ್ಟು ಬೇಡ. ಕುತ್ತಿಗೆ ಅಲುಗದಂತೆ ನೋಡಿಕೊಂಡು 108 ಆಂಬ್ಯುಲೆನ್ಸಿಗೆ ಕರೆ ಮಾಡಿ.

ಆದರೆ ತಂಪಿನ ಆಸೆ ವೈದ್ಯರಿಗೂ ಇತ್ತು. ಮಿದುಳಿನ ತೂಕ ದೇಹದ ನೂರರಲ್ಲಿ ಎರಡು ಪಾಲು, ಅದು ಉರಿಸುವ ಶಕ್ತಿ ಮಾತ್ರ ಸುಮಾರು ಇಪ್ಪತ್ತು ಪಾಲು. ಪೆಟ್ಟು ತಿಂದು ಬಾತ ಮಿದುಳಿಗೆ ಜ್ವರವೂ ಸೇರಿದರೆ ಹಾನಿ ಹೆಚ್ಚುತ್ತದೆ. ಹಾಗಾದರೆ ದೇಹವನ್ನೇ ತಣ್ಣಗಾಗಿಸಿದರೆ? 2015ರಲ್ಲಿ ಪ್ರಕಟವಾದ ಯೂರೋಥರ್ಮ್ ಪ್ರಯೋಗದಲ್ಲಿ ತಲೆಗೆ ಪೆಟ್ಟಾದವರ ದೇಹದ ಕಾವನ್ನು 32ರಿಂದ 35 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರು. ಚೇತರಿಕೆ ಹೆಚ್ಚಲಿಲ್ಲ, ಕುಗ್ಗಿತು. 2018ರ ಪೋಲಾರ್ ಪ್ರಯೋಗದಲ್ಲೂ ಲಾಭ ಕಾಣಲಿಲ್ಲ. ಜ್ವರ ಬರದಂತೆ ತಡೆಯುವುದು ಬೇರೆ, ದೇಹವನ್ನು ಹಿಮದಂತೆ ಮಾಡುವುದು ಬೇರೆ.

ಇನ್ನೊಂದು ಸಂಗತಿ. ಕಂಕುಳಿನ ಥರ್ಮಾಮೀಟರು ತಲೆಯ ಕಾವನ್ನು ಹೇಳುವುದಿಲ್ಲ. ಗಾಯಾಳುವಿನಲ್ಲಿ ಅದನ್ನು ಅಳೆಯಲು ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ಒಳಗಿನ ಒತ್ತಡ ಅಳೆಯುವ ತಂತಿಯ ಜೊತೆಗೇ ಕಾವಿನ ತಂತಿಯನ್ನೂ ಇಳಿಸಿ ನೋಡಬೇಕು. 2022ರಲ್ಲಿ ಬ್ರಿಟನ್ನಿನ ಸಂಶೋಧಕರು ಆರೋಗ್ಯವಂತ 40 ಮಂದಿಯ ಮಿದುಳಿನ ಕಾವನ್ನು, ತಲೆ ಕೊರೆಯದೆ, ಎಂ.ಆರ್. ಸ್ಕ್ಯಾನಿನಿಂದ ಅಳೆದಾಗ ಸರಾಸರಿ 38.5 ಡಿಗ್ರಿ ಬಂತು. ಒಳಭಾಗಗಳಲ್ಲಿ 40 ದಾಟಿತ್ತು. ನಾವು ಜ್ವರ ಎನ್ನುವುದು ಮಿದುಳಿಗೆ ಮಾಮೂಲು! ಹಗಲು ಏರಿ ರಾತ್ರಿ ಇಳಿಯುವ ಲಯವೂ ಅಲ್ಲಿತ್ತು. ಯೂರೋಪಿನ 114 ಗಾಯಾಳುಗಳ ದಾಖಲೆಯನ್ನೂ ಅವರು ಪರಿಶೀಲಿಸಿದರು. ಈ ಲಯ ಉಳಿದಿದ್ದವರಲ್ಲಿ ತೀವ್ರ ನಿಗಾ ಘಟಕದಲ್ಲಿ ಸತ್ತವರು ನೂರಕ್ಕೆ 4, ಕಳೆದುಕೊಂಡವರಲ್ಲಿ 27. ಲಯ ತಪ್ಪಿದ್ದೇ ಸಾವಿಗೆ ಕಾರಣವೋ, ಗಾಯ ಘೋರವಾಗಿದ್ದರಿಂದ ಲಯ ತಪ್ಪಿತೋ ಎಂಬುದು ಇದರಿಂದ ತೀರ್ಮಾನವಾಗುವುದಿಲ್ಲ. ಗುಂಪು ಚಿಕ್ಕದು, ಪವಾಡವೆಂದು ಹಿಗ್ಗುವುದು ಬೇಡ.

ಮಿದುಳಿನ ಕಾವು ಅಳೆಯುವ ತಂತಿ ದೊಡ್ಡ ನರಶಸ್ತ್ರ ಕೇಂದ್ರಗಳ ಸಲಕರಣೆ. ನಮ್ಮ ಬೀದರ್ ಜಿಲ್ಲೆಯವರ ದಾರಿ ಸಾಮಾನ್ಯವಾಗಿ ತಾಲ್ಲೂಕು ಆಸ್ಪತ್ರೆ, ಬೀದರಿನ ವೈದ್ಯಕೀಯ ಕಾಲೇಜು ಆಸ್ಪತ್ರೆ ಬ್ರಿಮ್ಸ್, ಅಲ್ಲಿಂದ ಮುಂದೆ ಹೈದರಾಬಾದು. ತಂತಿ ಇಲ್ಲದ ಕಡೆಯೂ ಉಸಿರು, ರಕ್ತದೊತ್ತಡ, ಜ್ವರ ಈ ಮೂರನ್ನು ಕಾಯಬಹುದು; ಜೀವ ಉಳಿಯಲು ಅದೂ ಮುಖ್ಯ.

ಗಾಯಾಳು ಮನೆಗೆ ಮರಳಿದ ಮೇಲೂ ರಾತ್ರಿ ಎಚ್ಚರ, ಹಗಲು ತೂಕಡಿಕೆ ತಿಂಗಳುಗಟ್ಟಲೆ ಇರಬಹುದು. ಅದನ್ನು ಸೋಮಾರಿತನವೆಂದು ಬೈಯಬೇಡಿ. ಯಾವಾಗ ಮಲಗುತ್ತಾನೆ, ಯಾವಾಗ ಏಳುತ್ತಾನೆ ಎಂದು ಬರೆದಿಟ್ಟು ಮುಂದಿನ ತಪಾಸಣೆಯಲ್ಲಿ ಡಾಕ್ಟರಿಗೆ ತೋರಿಸಿ.