ಬಿಚ್ಚಲು ಬರುವ ಗಂಟಿನ ಪ್ಲಾಸ್ಟಿಕ್
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹರಿಯದೆಂದು ತಾವೆಲ್ಲ ಬಲ್ಲಿರಿ. ಪಂಪ್‌ಸೆಟ್ಟಿನ ತಂತಿಗೆ ಅದನ್ನು ಹೊದಿಸಿರುವುದೇ ಆ ಕಾರಣಕ್ಕೆ. ಆದರೆ ಹೀಗರ್, ಮ್ಯಾಕ್‌ಡಿಯರ್ಮಿಡ್, ಶಿರಕಾವಾ ಎಂಬ ವಿಜ್ಞಾನಿಗಳು 1977ರಲ್ಲಿ ಒಂದು ಬಗೆಯ ಪ್ಲಾಸ್ಟಿಕ್ಕಿಗೆ ಅಯೋಡಿನ್ ಸೋಕಿಸಿ, ಅದರಲ್ಲಿಯೂ ವಿದ್ಯುತ್ತು ಹರಿಯುವುದನ್ನು ತೋರಿಸಿಕೊಟ್ಟರು. 2000ದಲ್ಲಿ ಅವರಿಗೆ ನೊಬೆಲ್ ಬಹುಮಾನ ದೊರೆಯಿತು. ಆ ಕುಲದ ಅರೆವಾಹಕ ಪ್ಲಾಸ್ಟಿಕ್ಕುಗಳನ್ನು ಶಾಯಿಯಂತೆ ಕರಗಿಸಿ ತೆಳು ಹಾಳೆಯ ಮೇಲೆ ಮುದ್ರಿಸಬಹುದು. ಬಿಸಿಲಿನಿಂದ ವಿದ್ಯುತ್ತು ಕೊಡುವ ಹಾಳೆ, ತೇವವನ್ನು ಅಳೆಯುವ ಪುಟ್ಟ ಉಪಕರಣ, ಇಂಥವನ್ನು ಹೀಗೆ ಮಾಡಲು ಬರುತ್ತದೆ.

ಅವು ಅಗ್ಗವಾಗಿ ಹೊಲಕ್ಕೆ ಬಂದರೆ ಸಂತೋಷವೇ. ಕೆಟ್ಟ ಮೇಲೆ ಎಲ್ಲಿಗೆ ಹೋಗಬೇಕು? 2022ರಲ್ಲಿ ಲೋಕದಲ್ಲೆಲ್ಲ 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸ ಬಿದ್ದಿತೆಂದು ವಿಶ್ವಸಂಸ್ಥೆಯ ಲೆಕ್ಕ. ಕ್ರಮವಾಗಿ ಮರುಬಳಕೆಗೆ ಹೋದದ್ದು ಅದರಲ್ಲಿ ಕಾಲು ಪಾಲೂ ಇಲ್ಲ.

ಪ್ಲಾಸ್ಟಿಕ್ ಎಂದರೆ ಒಂದು ಉದ್ದನೆಯ ಮಣಿಸರವೆಂದು ತಿಳಿಯಿರಿ. ಮಣಿಮಣಿಯ ನಡುವೆ ಬಿಗಿದ ಗಂಟು ಮಣ್ಣಿನಲ್ಲಿ ಸುಲಭವಾಗಿ ಬಿಚ್ಚದು. ತಿಪ್ಪೆಯಲ್ಲಿ ರಾಗಿಹುಲ್ಲು ಕೊಳೆತರೂ ಹಾಲಿನ ಪಾಕೀಟು ಹಾಗೆಯೇ ಉಳಿಯುವುದು ಇದರಿಂದಲೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಝೆನಾನ್ ಬಾವೊ ಅವರೂ ಸಂಗಡಿಗರೂ 2017ರಲ್ಲಿ ಈ ಗಂಟನ್ನೇ ಬದಲಿಸಿ ನೋಡಿದರು. ಇಮೈನ್ ಎಂಬ ಅವರ ಗಂಟು ಸೌಮ್ಯವಾದ ಆಮ್ಲದಲ್ಲಿ ಸಡಿಲಗೊಳ್ಳುತ್ತದೆ. ಕೆಳಗಿನ ಹಾಳೆಗೆ ಸಸ್ಯದ ನಾರಿನ ಅಂಶ, ವಿದ್ಯುತ್ತಿನ ದಾರಿಗೆ ಕಬ್ಬಿಣ. ಕೆಲಸ ಮುಗಿದ ಮೇಲೆ ಎಲ್ಲವೂ ಕರಗಬೇಕೆಂಬುದೇ ಉದ್ದೇಶ.

ಆದರೆ ಕರಗುವುದೇ ಬೇರೆ, ಮರಳಿ ಕೈಗೆ ಸಿಗುವುದೇ ಬೇರೆ. ಮಣಿಗಳು ಚೆಲ್ಲಾಪಿಲ್ಲಿಯಾದರೆ ದುಬಾರಿ ಸರಕು ಹೋದಂತೆಯೇ. ಅವನ್ನು ಆಯ್ದು, ತೊಳೆದು, ಮತ್ತೆ ಪೋಣಿಸಿದರೆ ಅದು ಮರುಬಳಕೆ. ಅದರ ಪ್ರಯತ್ನ ಹೆಚ್ಚಾಗಿ ಪ್ರಯೋಗಶಾಲೆಗಳಲ್ಲಿಯೇ ನಡೆದಿದೆ. ಇನ್ನೊಂದು ತೊಡಕೂ ಉಂಟು: ಬೇಗ ಬಿಚ್ಚುವ ಗಂಟು, ಪೈರು ಕಟಾವಿಗೆ ಬರುವ ಮೊದಲೇ ಮಳೆಗೆ ಬಿಚ್ಚಿಕೊಂಡರೆ ನಮಗೇನು ಪ್ರಯೋಜನ?

ಇಂದು ನಮ್ಮ ಮನೆಗಳಲ್ಲಿರುವ ಫೋನು, ಬಲ್ಬು, ಸೌರಫಲಕಗಳಿಗೆ ಕರಗುವ ಗುಣವಿಲ್ಲ. ಅವನ್ನು ತಿಪ್ಪೆಗೆ ಎಸೆಯಬೇಡಿರಿ. ತಾಮ್ರದ ಆಸೆಗೆ ತಂತಿಯನ್ನು ಸುಡಬೇಡಿರಿ. ಆ ಹೊಗೆ ವಿಷ, ಬೂದಿಯಲ್ಲಿ ಸೀಸ ಉಳಿದರೆ ಮಣ್ಣಿಗೇ ಸೇರುತ್ತದೆ. ಇಂಥ ಸಾಮಾನನ್ನು ತಯಾರಿಸುವವರೇ ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿಯ ಹೊಣೆ ಹೊರಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದೊಂದು ಮನೆಯಿಂದ ಕಳುಹಿಸುವುದು ಕಷ್ಟ. ಊರಿನದನ್ನೆಲ್ಲ ಒಂದು ಒಣ ಕೋಣೆಯಲ್ಲಿ ಕೂಡಿಡುವ ಏರ್ಪಾಡನ್ನು ಮುಂದಿನ ಗ್ರಾಮಸಭೆಯಲ್ಲಿ ಕೇಳಿರಿ.