ಮೊದಲು ಆಲಿಸಿ, ಆಮೇಲೆ ಮಾತಾಡಿ: ಹ್ಯಾಮ್ ರೇಡಿಯೋದ ಕೆಳ ಬ್ಯಾಂಡುಗಳು

(ಸಂಘದ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಪಾಠ ಹೇಳುವ ಮೇಷ್ಟರಿಗೆ ರೇಡಿಯೋ ವಿಷಯ ಏಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಬಿ.ಎಡ್. ಓದಿದವರಿಗೆಲ್ಲ ಭಾಷಾ ಕೌಶಲಗಳ ಕ್ರಮ ಗೊತ್ತು: ಆಲಿಸುವಿಕೆ, ಮಾತುಗಾರಿಕೆ, ಓದು, ಬರಹ. ಆಲಿಸಲು ಬಾರದ ಮಗು ಸರಿಯಾಗಿ ಮಾತಾಡಲಾರದು. ಹ್ಯಾಮ್ ರೇಡಿಯೋದ ಕೆಳ ಬ್ಯಾಂಡುಗಳಲ್ಲಿಯೂ ಇದೇ ನಿಯಮ. ಕೇಳಿಸದೇ ಹೋದಾಗ ದೋಷ ಎಲ್ಲಿದೆ ಎಂದು ಕ್ರಮವಾಗಿ ಹುಡುಕುವುದು ಹೇಗೆ ಎಂಬುದೇ ಇಂದಿನ ನನ್ನ ಮಾತಿನ ತಿರುಳು.

ಹ್ಯಾಮ್ ರೇಡಿಯೋ ಎಂದರೆ ಹವ್ಯಾಸಿಗಳ ರೇಡಿಯೋ. ಸರ್ಕಾರ ನಡೆಸುವ ಪರೀಕ್ಷೆಯಲ್ಲಿ ಪಾಸಾಗಿ, ಪರವಾನಗಿ ಪಡೆದು, ಲಾಭದ ಉದ್ದೇಶವಿಲ್ಲದೆ ಪರಸ್ಪರ ಮಾತಾಡುವವರು ಇವರು. ನಮ್ಮ ದೇಶದ ಹ್ಯಾಮ್‌ಗಳ ಕರೆ ಸಂಕೇತ ಸಾಮಾನ್ಯವಾಗಿ 'ವಿಯು' ಅಕ್ಷರಗಳಿಂದ ಶುರುವಾಗುತ್ತದೆ. ಅವರಿಗೆ ಮೀಸಲಾದ ಹಲವು ಬ್ಯಾಂಡುಗಳಲ್ಲಿ 40 ಮೀಟರ್, 80 ಮೀಟರ್ ಮತ್ತು 160 ಮೀಟರ್ ಬ್ಯಾಂಡುಗಳನ್ನು ಕೆಳ ಬ್ಯಾಂಡುಗಳೆಂದು ಕರೆಯುವುದು ವಾಡಿಕೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ. ಹಾಗಾಗಿ ಇವು ಕ್ರಮವಾಗಿ 7, 3.5 ಮತ್ತು 1.8 ಮೆಗಾಹರ್ಟ್ಸ್ ಸುತ್ತಮುತ್ತ ಇರುತ್ತವೆ. ಇವಕ್ಕಿಂತಲೂ ಕೆಳಗೆ, 136 ಕಿಲೋಹರ್ಟ್ಸ್ ಸುತ್ತಿನ ಪಟ್ಟಿಯನ್ನು 2007ರ ವಿಶ್ವ ರೇಡಿಯೋ ಸಮ್ಮೇಳನವೂ, 472 ಕಿಲೋಹರ್ಟ್ಸ್‌ನಿಂದ ಮೇಲಿನ ಪಟ್ಟಿಯನ್ನು 2012ರ ಸಮ್ಮೇಳನವೂ ಹವ್ಯಾಸಿಗಳಿಗೆ ತೆರೆದವು. ಅವುಗಳ ಬಳಕೆ ಆಯಾ ದೇಶದ ಅನುಮತಿಗೆ ಒಳಪಟ್ಟದ್ದು. ಆರಂಭಿಸುವವರಿಗೆ 40 ಮತ್ತು 80 ಮೀಟರ್ ಸಾಕು.

ಅಲೆ ಉದ್ದವಾದಷ್ಟೂ ತಂತಿ ಉದ್ದ ಬೇಕು. ಡೈಪೋಲ್ ಎಂಬ ಸರಳ ಆಂಟೆನಾದ ಉದ್ದ ತಿಳಿಯಲು 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ ಸುಮಾರು 20 ಮೀಟರ್ ಬರುತ್ತದೆ. ಅಂದರೆ ನಡುವಿನಿಂದ ಆಚೆ 10, ಈಚೆ 10. 3.6ಕ್ಕೆ ಸುಮಾರು 40 ಮೀಟರ್. 160 ಮೀಟರ್ ಬ್ಯಾಂಡಿಗೆ 78 ಮೀಟರ್‌ಗೂ ಹೆಚ್ಚು. ಊರಿನ ಮನೆಗಳಲ್ಲಿ ಅಷ್ಟು ಜಾಗ ಎಲ್ಲಿ ಬಂತು? ಆದ್ದರಿಂದ ಕೆಳ ಬ್ಯಾಂಡಿನವರ ಆಂಟೆನಾ ಬಹುಪಾಲು ರಾಜಿಯ ಆಂಟೆನಾ. ನಡುವನ್ನು ಮಹಡಿಯ ಕಂಬಕ್ಕೆ ಕಟ್ಟಿ ಎರಡು ತುದಿಗಳನ್ನು ಇಳಿಬಿಡುತ್ತಾರೆ, ಇಲ್ಲವೇ ತಂತಿಯನ್ನು ಬಾಗಿಸುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ವಿದ್ಯುತ್ ತಂತಿಯ ಹತ್ತಿರ ಆಂಟೆನಾ ತಂತಿಯನ್ನು ಎಂದಿಗೂ ಒಯ್ಯಬೇಡಿ. ಗುಡುಗು ಕೇಳಿಸುವ ಮೊದಲೇ ಆಂಟೆನಾ ಕೇಬಲ್ಲನ್ನು ಸೆಟ್ಟಿನಿಂದ ಬಿಡಿಸಿಡಿ. ಈ ಎರಡು ಮಾತಿಗೆ ರಿಯಾಯಿತಿ ಇಲ್ಲ.

ಇನ್ನು ಕೇಳಿಸದಿರುವ ಸಮಸ್ಯೆಗೆ ಬರೋಣ. ಮೊದಲ ಪ್ರಶ್ನೆ: ಇದು ನಿಜವಾಗಿ ದೋಷವೇ? ಹಗಲಿನಲ್ಲಿ ಸೂರ್ಯನ ಪ್ರಭಾವದಿಂದ ನೆಲದಿಂದ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ 'ಡಿ' ಪದರ ಎಂಬುದು ಉಂಟಾಗುತ್ತದೆ. ಅದು ಕೆಳ ಬ್ಯಾಂಡಿನ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಬೇಗನೆ ಕರಗಿ, ಅಲೆಗಳು ಇನ್ನೂ ಮೇಲಿನ 'ಎಫ್' ಪದರವನ್ನು ತಲುಪಿ ಭೂಮಿಗೆ ಮರಳುತ್ತವೆ. ಹಾಗಾಗಿ ನಡುಮಧ್ಯಾಹ್ನ 160 ಮೀಟರ್‌ನಲ್ಲಿ ದೂರದ ಯಾರೂ ಸಿಗಲಿಲ್ಲವೆಂದರೆ ಸೆಟ್ಟು ಬಿಚ್ಚಬೇಡಿ. ಮಗ್ರಿಬ್ ಕಳೆಯುವವರೆಗೆ ಕಾಯಿರಿ. ಹಾಗೆಯೇ ರಾತ್ರಿ 40 ಮೀಟರ್‌ನಲ್ಲಿ ಬೆಂಗಳೂರಿನವನಿಗೆ ಹೊರದೇಶ ಕೇಳಿಸಿ, ಮೈಸೂರು ಕೇಳಿಸದೇ ಹೋಗಬಹುದು. ನೇರ ಮೇಲಕ್ಕೆ ಹೋದ ಅಲೆಯನ್ನು ಆ ಹೊತ್ತಿನ ಆಕಾಶ ಹಿಂದಿರುಗಿಸುತ್ತಿಲ್ಲ ಎಂದರ್ಥ. ಆಗ 80 ಮೀಟರ್‌ಗೆ ಇಳಿದರೆ ಹತ್ತಿರದ ಊರು ಮತ್ತೆ ಸಿಗುವ ಸಂಭವ ಹೆಚ್ಚು. ಮುಂಗಾರು ಪೂರ್ವದ ಏಪ್ರಿಲ್, ಮೇ ತಿಂಗಳಲ್ಲಿ ದೂರದ ಮಿಂಚುಗಳ ಚಟಪಟ ಸದ್ದು ಜೋರಾಗಿರುತ್ತದೆ, ಡಿಸೆಂಬರ್, ಜನವರಿಯಲ್ಲಿ ತಗ್ಗುತ್ತದೆ. ಅದೂ ನಮ್ಮ ದೋಷವಲ್ಲ.

ಎರಡನೆಯ ಪ್ರಶ್ನೆ: ಗದ್ದಲ ಸೆಟ್ಟಿನ ಒಳಗಿನದೋ, ಹೊರಗಿನದೋ? ಆಂಟೆನಾ ಕೇಬಲ್ ಕಳಚಿ ನೋಡಿ. ಸದ್ದು ಹಾಗೇ ಉಳಿದರೆ ಸೆಟ್ಟಿನಲ್ಲೋ, ಅದರ ವಿದ್ಯುತ್ ಪೂರೈಕೆಯಲ್ಲೋ ತೊಂದರೆಯಿದೆ. ತಟ್ಟನೆ ನಿಂತರೆ ಅದು ಆಂಟೆನಾ ಮೂಲಕ ಬರುತ್ತಿದೆ. ಒಂದೇ ನಿಮಿಷದ ಈ ಪರೀಕ್ಷೆ ಅರ್ಧ ದಿನದ ಪರದಾಟವನ್ನು ಉಳಿಸುತ್ತದೆ.

ಮೂರನೆಯ ಪ್ರಶ್ನೆ: ಹೊರಗಿನದಾದರೆ ನಮ್ಮ ಮನೆಯದೋ, ಬೀದಿಯದೋ? ಸೆಟ್ಟನ್ನು ಬ್ಯಾಟರಿಗೆ ಜೋಡಿಸಿ, ಮನೆಯವರ ಒಪ್ಪಿಗೆ ಪಡೆದು ಮೇನ್ ಸ್ವಿಚ್ ಆರಿಸಿ. ಯುಪಿಎಸ್ ಇದ್ದರೆ ಅದನ್ನೂ ಆರಿಸಬೇಕು. ಗದ್ದಲ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಸಾಧನವನ್ನು ಹಚ್ಚುತ್ತಾ ಬನ್ನಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ ಪೆಟ್ಟಿಗೆಯ ಅಡಾಪ್ಟರ್, ಇಂಟರ್‌ನೆಟ್ ರೂಟರ್ ಇವೇ ಹೆಚ್ಚಾಗಿ ಸಿಕ್ಕಿಬೀಳುವವು. ಕರೆಂಟು ಹೋದಾಗ ಎಲ್ಲರೂ ಬೈದುಕೊಳ್ಳುತ್ತಾರೆ. ಕೆಳ ಬ್ಯಾಂಡಿನ ಹ್ಯಾಮ್ ಮಾತ್ರ ಬ್ಯಾಟರಿಯ ಸೆಟ್ಟಿನ ಮುಂದೆ ಓಡಿಹೋಗಿ ಕೂರುತ್ತಾನೆ. ಇಡೀ ಬೀದಿಯೇ ಆರಿದಾಗ ಏನೇನು ಕೇಳಿಸುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಗದ್ದಲಕ್ಕೂ ಒಂದೊಂದು ಧಾಟಿಯಿದೆ. ನೀವು ಭಾಷೆಯ ವಿದ್ಯಾರ್ಥಿಗಳು, ಧಾಟಿ ಗುರುತಿಸುವುದು ನಿಮಗೆ ಕಷ್ಟವಲ್ಲ. ಬ್ಯಾಂಡಿನ ಉದ್ದಕ್ಕೂ ಸಮಾನ ಅಂತರದಲ್ಲಿ ಎದ್ದೆದ್ದು ನಿಲ್ಲುವ, ಮೆಲ್ಲಗೆ ಜಾರುವ ಸದ್ದು ಚಾರ್ಜರ್ ಜಾತಿಯದು. ಸುಮಾರು ಸೆಕೆಂಡಿಗೊಮ್ಮೆ 'ಟಕ್ ಟಕ್' ಎಂದರೆ ತೋಟದ ವಿದ್ಯುತ್ ಬೇಲಿಯ ಮೇಲೆ ಅನುಮಾನಪಡಿ. ಸೂರ್ಯ ಹುಟ್ಟಿದ ಮೇಲೆ ಶುರುವಾಗಿ ಸಂಜೆ ನಿಲ್ಲುವ ಗದ್ದಲವಾದರೆ ಮಹಡಿಯ ಸೋಲಾರ್ ಇನ್ವರ್ಟರ್ ಕಡೆ ನೋಡಿ. ಒಣ ಹವೆಯಲ್ಲಿ ಗೊರಗುಟ್ಟಿ ಮಳೆ ಬಂದಾಗ ಅಡಗುವ ಸದ್ದು ಹಲವು ವೇಳೆ ವಿದ್ಯುತ್ ಕಂಬದ ಸಡಿಲ ಜೋಡಣೆಯಿಂದ ಬರುತ್ತದೆ. ಚಿಕ್ಕ ಟ್ರಾನ್ಸಿಸ್ಟರನ್ನು ಮೀಡಿಯಂ ವೇವ್‌ನಲ್ಲಿಟ್ಟು ಬೀದಿಯಲ್ಲಿ ನಡೆದರೆ ಯಾವ ಕಡೆಗೆ ಜೋರಾಗುತ್ತದೆ ಎಂದು ತಿಳಿಯುತ್ತದೆ. ಕಂಬವನ್ನು ಮುಟ್ಟಬೇಡಿ, ಬಡಿದು ನೋಡಬೇಡಿ. ಅದರ ಸಂಖ್ಯೆ ಬರೆದುಕೊಂಡು ವಿದ್ಯುತ್ ಕಂಪನಿಗೆ ಅರ್ಜಿ ಕೊಡಿ. ನೆರೆಮನೆಯ ಸಾಧನವಾದರೆ ಜಗಳ ಬೇಡ. ಚಹಾ ಕುಡಿಯುತ್ತಾ ಸದ್ದನ್ನು ಅವರಿಗೂ ಕೇಳಿಸಿ, ಅರ್ಧ ಕೆಲಸ ಮುಗಿದಂತೆ.

ಕೇಳುವ ಕಿವಿಯ ಮಹತ್ವಕ್ಕೆ ಚರಿತ್ರೆಯಲ್ಲೇ ಸಾಕ್ಷಿಯಿದೆ. 1921ರ ಫೆಬ್ರವರಿಯಲ್ಲಿ ಅಮೆರಿಕದ ಹವ್ಯಾಸಿಗಳು ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಲು ಯತ್ನಿಸಿದರು. ಬ್ರಿಟನ್ನಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅದೇ ವರ್ಷದ ಡಿಸೆಂಬರ್‌ನ ಯತ್ನಕ್ಕೆಂದು ಅವರು ಪಾಲ್ ಗಾಡ್ಲಿ ಎಂಬ ನುರಿತ ಕೇಳುಗನನ್ನೇ ಹಡಗು ಹತ್ತಿಸಿ ಕಳುಹಿಸಿದರು. ಆತ ಸ್ಕಾಟ್ಲೆಂಡಿನ ಆರ್ಡ್ರೊಸನ್ ಎಂಬ ಕಡಲ ತೀರದ ಊರಿನಲ್ಲಿ ಗುಡಾರ ಹಾಕಿ, ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ನೂರಾರು ಮೀಟರ್ ಉದ್ದದ ತಂತಿ ಎಳೆದ. ಹೆರಾಲ್ಡ್ ಬೆವರೇಜ್ ರೂಪಿಸಿದ ಆ ತಂತಿ ಒಂದು ದಿಕ್ಕಿನ ಸದ್ದನ್ನು ಹಿಡಿದು ಉಳಿದ ದಿಕ್ಕುಗಳ ಗದ್ದಲವನ್ನು ತಗ್ಗಿಸುತ್ತದೆ. 200 ಮೀಟರ್ ಆಸುಪಾಸಿನ ಅಲೆಗಳಲ್ಲಿ ಹಲವು ಅಮೆರಿಕನ್ ಕೇಂದ್ರಗಳು ಅವನಿಗೆ ಕೇಳಿಸಿದವು. ಇಂದಿಗೂ ಜಾಗವಿರುವ 160 ಮೀಟರ್‌ನವರು ಮಾತಾಡಲು ಒಂದು ಆಂಟೆನಾ, ಕೇಳಲು ಮತ್ತೊಂದು ಇಟ್ಟುಕೊಳ್ಳುತ್ತಾರೆ.

ಇನ್ನು ಕಳುಹಿಸುವ ಕಡೆಯ ದೋಷಗಳು. ಎದುರಿನವನ ದನಿ ಬಾತುಕೋಳಿಯಂತೆ ಕೇಳಿಸಿದರೆ ಸೈಡ್‌ಬ್ಯಾಂಡ್ ಗುಂಡಿ ನೋಡಿ. ಈ ಮೂರೂ ಬ್ಯಾಂಡುಗಳಲ್ಲಿ ಮಾತಿಗೆ ಲೋವರ್ ಸೈಡ್‌ಬ್ಯಾಂಡ್ ಬಳಸುವುದು ರೂಢಿ. ನಿಮ್ಮ ದನಿ ಒಡೆಯುತ್ತಿದೆ ಎಂದು ಅವರು ಹೇಳಿದರೆ ಬ್ಯಾಟರಿಯ ತಂತಿ ನೋಡಿ. 100 ವ್ಯಾಟ್ ಸೆಟ್ಟು ಸುಮಾರು 20 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಓಮಿನ ಹತ್ತನೇ ಒಂದು ಭಾಗ ರೋಧವಿದ್ದರೂ 2 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಮಾತಾಡುವಾಗ ಕಂಪ್ಯೂಟರ್ ನಿಂತುಹೋದರೆ ಅಥವಾ ಮೈಕಿಗೆ ತುಟಿ ತಾಗಿದಾಗ ಚುರುಕ್ಕೆಂದರೆ, ಕೇಬಲ್ಲಿನ ಹೊರಮೈ ಮೇಲೆ ಅಲೆ ಹರಿದುಬರುತ್ತಿದೆ. ತಕ್ಕ ಫೆರೈಟ್ ಉಂಗುರಕ್ಕೆ ಕೇಬಲ್ಲನ್ನು ಸುತ್ತಿ. ಒಂದು ಸುತ್ತಿಗಿಂತ ಐದು ಸುತ್ತು ಸುಮಾರು ಇಪ್ಪತ್ತೈದು ಪಟ್ಟು ಪರಿಣಾಮಕಾರಿ.

ಎಸ್‌ಡಬ್ಲ್ಯೂಆರ್ ಮೀಟರು ಮಳೆಯ ನಂತರ ಏರಿದರೆ ಕನೆಕ್ಟರಿಗೆ ನೀರು ಇಳಿದಿದೆಯೇ ನೋಡಿ, ಗಾಳಿಯ ನಂತರ ಏರಿದರೆ ತಂತಿ ತುಂಡಾಗಿದೆಯೇ ನೋಡಿ. 50 ಓಮಿನ ಡಮ್ಮಿ ಲೋಡ್ ಜೋಡಿಸಿದಾಗ ಎಲ್ಲ ಸರಿಹೋದರೆ ಸೆಟ್ಟು ನಿರಪರಾಧಿ. ಆದರೆ ಒಂದು ಎಚ್ಚರಿಕೆ. ಮೀಟರು ಚೆನ್ನಾಗಿ ತೋರಿಸಿದ ಮಾತ್ರಕ್ಕೆ ಆಂಟೆನಾ ಚೆನ್ನಾಗಿದೆ ಎಂದಲ್ಲ. ನೀರು ಕುಡಿದ ಉದ್ದನೆಯ ಕೇಬಲ್ ಶಕ್ತಿಯನ್ನೆಲ್ಲ ತಾನೇ ನುಂಗಿ ಮೀಟರಿಗೆ ಒಳ್ಳೆಯ ಅಂಕ ತೋರಿಸುತ್ತದೆ. ಉರು ಹೊಡೆದು ಅಂಕ ಗಳಿಸಿದವನ ಹಾಗೆ.

ಇಷ್ಟೆಲ್ಲ ಹುಡುಕುವ ಬದಲು ಹೆಚ್ಚು ಶಕ್ತಿಯ ಸೆಟ್ಟು ಕೊಂಡರಾಗದೇ ಎಂದು ಕೇಳಬಹುದು. ಲೆಕ್ಕ ನೋಡಿ. 100 ವ್ಯಾಟನ್ನು 400 ಮಾಡಿದರೆ ಎದುರಿನವನ ಎಸ್ ಮೀಟರು ಒಂದೇ ಅಂಕ ಏರುತ್ತದೆ. ನಿಮ್ಮ ಮನೆಯ ಒಂದು ಕೆಟ್ಟ ಚಾರ್ಜರ್ ತೆಗೆದರೆ ಗದ್ದಲ ಎರಡು ಮೂರು ಅಂಕ ಇಳಿಯಬಹುದು. ಕೂಗಿ ಮಾತಾಡುವವನಿಗೆ ಕಿವಿ ಮಂದವಾದರೆ ಸಂಭಾಷಣೆ ನಡೆಯುವುದೆಂತು?

ಇದೆಲ್ಲ ಬರೀ ಹವ್ಯಾಸವಾಗಿದ್ದರೆ ಈ ವೇದಿಕೆಯಲ್ಲಿ ಇಷ್ಟು ಹೊತ್ತು ತೆಗೆದುಕೊಳ್ಳುತ್ತಿರಲಿಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ಪೋರ್ಟ್ ಬ್ಲೇರ್‌ನಲ್ಲಿದ್ದರು. ಹವ್ಯಾಸಕ್ಕೆಂದು ಒಯ್ದಿದ್ದ ಸೆಟ್ಟೇ ಅಂಡಮಾನಿನ ಜನರ ಸುದ್ದಿಯನ್ನು ಹೊರಗೆ ಮುಟ್ಟಿಸಿತು. ಕೊಡಗು, ಮಲೆನಾಡಿನಂತಹ ಕಡೆ ಗುಡ್ಡ ಅಡ್ಡ ಬಂದರೆ ಕೈಯಲ್ಲಿ ಹಿಡಿಯುವ ಸೆಟ್ಟಿನ ಅಲೆ ದಾಟುವುದಿಲ್ಲ. ಆದರೆ ಕೆಳ ಬ್ಯಾಂಡಿನ ತಗ್ಗಿನ ಡೈಪೋಲ್ ಅಲೆಯನ್ನು ನೇರ ಮೇಲಕ್ಕೆ ಕಳುಹಿಸುತ್ತದೆ. ಅದು ಆಕಾಶದಿಂದ ಮರಳಿ, ಗುಡ್ಡವನ್ನು ಲೆಕ್ಕಿಸದೆ, ಸುತ್ತಲಿನ 300 ಕಿಲೋಮೀಟರ್‌ವರೆಗೂ ಇಳಿಯಬಲ್ಲದು. ನಡುವೆ ಟವರು ಬೇಡ.

ಅಂತಹ ಹೊತ್ತಿನಲ್ಲಿ ಗಾಯಾಳುಗಳು ಎಷ್ಟು ಎಂದು ಕೇಳಿದಾಗ 'ಇಪ್ಪತ್ತು' ಎಂದು ಉತ್ತರ ಬಂತೆನ್ನಿ. ಗದ್ದಲದಲ್ಲಿ ಅದು 'ಎಪ್ಪತ್ತು' ಎಂದು ಕೇಳಿಸಿದರೆ? ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಸ್ವರ. ಉರ್ದುವಿನ 'ಉನ್ಸಠ್' ಮತ್ತು 'ಉನ್ಹತ್ತರ್' ಕೂಡ ಹೀಗೆಯೇ, ಒಂದು 59, ಇನ್ನೊಂದು 69. ಆದ್ದರಿಂದ 'ಇಪ್ಪತ್ತು, ಎರಡು, ಸೊನ್ನೆ' ಎಂದು ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ಕೇಳಿದವನು ಬರೆದುಕೊಂಡು ತಿರುಗಿ ಓದಿ ಹೇಳಬೇಕು. ಕನ್ನಡದ ಉಕ್ತಲೇಖನ, ಉರ್ದುವಿನ ಇಮ್ಲಾ ಕಲಿಸುವುದೂ ಇದನ್ನೇ: ಕೇಳಿಸಿದ್ದನ್ನು ಬರೆ, ಊಹಿಸಿದ್ದನ್ನು ಬರೆಯಬೇಡ.

ವಿದ್ಯಾರ್ಥಿಗಳೇ, ಆರಂಭಿಸಲು ದೊಡ್ಡ ಖರ್ಚು ಬೇಕಿಲ್ಲ. ಸೈಡ್‌ಬ್ಯಾಂಡ್ ಹಿಡಿಯುವ ಒಂದು ಶಾರ್ಟ್‌ವೇವ್ ರೇಡಿಯೋ, ಹತ್ತು ಮೀಟರ್ ತಂತಿ, ಒಂದು ನೋಟ್‌ಬುಕ್ ಸಾಕು. ದಿನಾಂಕ, ವೇಳೆ, ಕೇಳಿಸಿದ ಕರೆ ಸಂಕೇತ, ಗದ್ದಲದ ಧಾಟಿ ಇಷ್ಟನ್ನು ಒಂದು ತಿಂಗಳು ಬರೆದಿಡಿ. ಪರವಾನಗಿ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನಾ ವಿಭಾಗದ ಪರೀಕ್ಷೆ ಬರೆಯಿರಿ, ಅರ್ಜಿ ಹಾಕುವ ಮುನ್ನ ಆ ವರ್ಷದ ನಿಯಮ ನೋಡಿಕೊಳ್ಳಿ. ತರಬೇತಿಗೆ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂತಹ ಸಂಸ್ಥೆಗಳಿವೆ. ನಮ್ಮ ಪ್ರತಿಯೊಂದು ಪ್ರೌಢಶಾಲೆಯಲ್ಲೂ ಬ್ಯಾಟರಿಯಿಂದ ನಡೆಯುವ ಒಂದು ಸೆಟ್ಟು, ಅದನ್ನು ಬಲ್ಲ ಇಬ್ಬರು ಮಕ್ಕಳು, ಒಬ್ಬ ಶಿಕ್ಷಕರು ಇದ್ದರೆ ಆ ಊರಿಗೆ ಅದು ಕಷ್ಟಕಾಲದ ಆಸ್ತಿ. ಸಂಘದ ಹಿರಿಯರು ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಇಷ್ಟು ಹೊತ್ತು ತಾಳ್ಮೆಯಿಂದ ಆಲಿಸಿದ್ದೀರಿ. ಅಂದರೆ ಈ ಹವ್ಯಾಸದ ಮೊದಲ ಪಾಠದಲ್ಲಿ ನೀವು ಆಗಲೇ ಪಾಸಾಗಿದ್ದೀರಿ.