ಒಂದು ಹೊಟ್ಟೆ, ಎರಡು ಔಷಧ



ಇವತ್ತು ರಾಜಕೀಯ ಪಕ್ಕಕ್ಕಿಡೋಣ. ಎದೆಯುರಿಯ ಬಗ್ಗೆ ಮಾತಾಡೋಣ. ಎರಡೂ ಒಂದೇ ಅಲ್ವಾ ಅಂತ ಕೆಲವರು ನಗಬಹುದು. ನಾನು ಹೇಳ್ತಿರೋದು ಅಸಲಿ ಎದೆಯುರಿ. ರಾತ್ರಿ ಊಟ ಮಾಡಿ ಮಲಗಿದ ಅರ್ಧ ಗಂಟೆಗೆ ಹೊಟ್ಟೆಯ ಹುಳಿ ಗಂಟಲಿನವರೆಗೆ ಬಂದು, ದಿಂಬು ಎತ್ತರ ಮಾಡ್ಕೊಂಡು ಕೂರೋ ಹಾಗೆ ಮಾಡುತ್ತಲ್ಲ, ಅದು. ವೈದ್ಯರು ಆಸಿಡ್ ರಿಫ್ಲಕ್ಸ್ ಅಂತಾರೆ, ನಮ್ಮ ಮನೆಗಳಲ್ಲಿ ಹುಳಿತೇಗು ಅಂತೀವಿ.

ಈ ಹುಳಿತೇಗಿಗೆ ಚೀನಾದಲ್ಲಿ ಒಂದು ವ್ಯವಸ್ಥೆ ಇದೆ. ನಮಗೆ ವಿಚಿತ್ರ, ಅವರಿಗೆ ಮಾಮೂಲಿ. ಅಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ಒಬ್ಬ ರೋಗಿಗೆ ಒಂದೇ ಸೂರಿನಡಿ ಎರಡು ಥರದ ಔಷಧ ಬರೆದುಕೊಡ್ತಾರೆ. ಒಂದು, ನಮಗೆಲ್ಲ ಗೊತ್ತಿರೋ ಒಮೆಪ್ರಜೋಲ್ ಜಾತಿಯ ಗುಳಿಗೆ. ಇನ್ನೊಂದು, ಬೇರು, ಗೆಡ್ಡೆ, ಹಣ್ಣುಗಳ ಕಷಾಯ. ಕುದಿಸೋ ಕಷ್ಟವೂ ಬೇಡ. ಎಷ್ಟೋ ಕಡೆ ಆಸ್ಪತ್ರೆಯವರೇ ಕುದಿಸಿ, ಪೊಟ್ಟಣದಲ್ಲಿ ಸೀಲ್ ಮಾಡಿ ಕೈಗೆ ಕೊಡ್ತಾರೆ, ನಮ್ಮ ಹಾಲಿನ ಪ್ಯಾಕೆಟ್ ಇದ್ದ ಹಾಗೆ.

ಇದು ತಾನಾಗೇ ಬಂದದ್ದಲ್ಲ. 1929ರಲ್ಲಿ ಅಲ್ಲಿನ ಸರ್ಕಾರದ ಆರೋಗ್ಯ ಸಮಿತಿ, ಹಳೇ ವೈದ್ಯವನ್ನು ಹಂತಹಂತವಾಗಿ ಮುಚ್ಚಿಬಿಡಬೇಕು ಅನ್ನೋ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತ್ತು. ಮಾರ್ಚ್ 17ರಂದು ಪಾರಂಪರಿಕ ವೈದ್ಯರು ಶಾಂಘೈನಲ್ಲಿ ಸೇರಿ ದೊಡ್ಡ ಗದ್ದಲ ಎಬ್ಬಿಸಿದರು, ಪ್ರಸ್ತಾವ ಅಲ್ಲಿಗೇ ನಿಂತಿತು. ಮುಂದೆ ಮಾವೋ ಕಾಲದಲ್ಲಿ, 1950ರ ದಶಕದಲ್ಲಿ, ಹಳ್ಳಿಗಳಿಗೆ ಕಳಿಸೋಕೆ ಬೇಕಾದಷ್ಟು ಆಧುನಿಕ ವೈದ್ಯರೇ ಇರಲಿಲ್ಲ. ಇದ್ದವರನ್ನೇ ಸೇರಿಸಿಕೊಳ್ಳಿ, ಎರಡೂ ಪದ್ಧತಿಯನ್ನು ಬೆರೆಸಿ ಅನ್ನೋದು ಸರ್ಕಾರದ ನೀತಿ ಆಯ್ತು. 2017ರ ಜುಲೈ 1ರಿಂದ ಅದಕ್ಕೆ ಪ್ರತ್ಯೇಕ ಕಾನೂನೇ ಜಾರಿಯಲ್ಲಿದೆ. ಅಂದ್ರೆ ಇದರಲ್ಲಿ ವೈದ್ಯ ಎಷ್ಟಿದೆಯೋ ರಾಷ್ಟ್ರಾಭಿಮಾನವೂ ಅಷ್ಟೇ ಇದೆ. ಇದು ನೆನಪಿರಲಿ, ಆಮೇಲೆ ಬೇಕಾಗುತ್ತೆ.

ಸರಿ, ಗುಳಿಗೆ ಇದ್ದಮೇಲೆ ಕಷಾಯ ಯಾಕೆ?

ಒಮೆಪ್ರಜೋಲ್ ಸ್ವೀಡನ್ನಿನ ಆಸ್ಟ್ರಾ ಕಂಪನಿಯ ಕೂಸು, 1988ರಲ್ಲಿ ಮಾರುಕಟ್ಟೆಗೆ ಬಂತು. ನಮ್ಮ ಹೊಟ್ಟೆಯ ಗೋಡೆಯಲ್ಲಿ ಆಮ್ಲವನ್ನು ಹೊರಗೆ ಸುರಿಯೋ ಸಣ್ಣ ಸಣ್ಣ ಪಂಪುಗಳಿವೆ. ಈ ಗುಳಿಗೆ ಹೋಗಿ ಆ ಪಂಪುಗಳನ್ನೇ ಕಟ್ಟಿಹಾಕುತ್ತೆ. ಪಂಪು ಕೆಲಸ ಶುರು ಮಾಡೋದು ಊಟ ಬಿದ್ದಾಗ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗಿ ಅನ್ನೋದು. ಎಷ್ಟು ಜನ ಊಟ ಆದಮೇಲೆ, ಉರಿ ಶುರುವಾದಮೇಲೆ ನುಂಗ್ತಾರೆ, ಆಮೇಲೆ ಗುಳಿಗೆಯನ್ನು ಬೈತಾರೆ!

ಆದರೆ ಒಂದು ಸಂಗತಿ ಗಮನಿಸಿ. ಗುಳಿಗೆ ಆಮ್ಲವನ್ನು ಕಡಿಮೆ ಮಾಡುತ್ತೆ, ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬರೋದನ್ನು ನಿಲ್ಲಿಸಲ್ಲ. ಅನ್ನನಾಳದ ಕೆಳಗಿನ ಬಾಗಿಲು ಸಡಿಲವಾಗೇ ಇರುತ್ತೆ. ಹುಳಿ ಇಲ್ಲದ ನೀರು ಮೇಲಕ್ಕೆ ಬರ್ತಾನೇ ಇರುತ್ತೆ. ಇನ್ನು ಕೆಲವರಿಗೆ ರಿಫ್ಲಕ್ಸ್ ಇರೋದೇ ಇಲ್ಲ, ಅನ್ನನಾಳದ ನರಗಳೇ ಅತಿ ಸೂಕ್ಷ್ಮ. ಹೀಗಾಗಿ ಸರಿಯಾಗಿ ಗುಳಿಗೆ ತಗೊಂಡವರಲ್ಲೂ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಪೂರ್ತಿ ಆರಾಮ ಸಿಗಲ್ಲ ಅಂತ ಅಂದಾಜು. ಆ ಮೂರನೆಯವನು ಎಲ್ಲಿಗೆ ಹೋಗಬೇಕು? ಅವನ ನರಳಾಟ ಸುಳ್ಳಲ್ಲ. ಅವನು ಇನ್ನೊಂದು ಬಾಗಿಲು ತಟ್ಟಿದರೆ ಅದು ಮೂಢನಂಬಿಕೆಯೂ ಅಲ್ಲ.

ಚೀನಾದಲ್ಲಿ ಆ ಬಾಗಿಲು ತೆರೆದರೆ ಸಿಗೋದು ಬಾನ್‌ಶಿಯಾ ಶಿಯೆಶಿನ್ ತಾಂಗ್ ಅನ್ನೋ ಕಷಾಯ. ಸುಮಾರು 1800 ವರ್ಷಗಳ ಹಿಂದೆ, ಹಾನ್ ವಂಶದ ಕೊನೆಗಾಲದಲ್ಲಿದ್ದ ಜಾಂಗ್ ಜೋಂಗ್‌ಜಿಂಗ್ ಎಂಬ ವೈದ್ಯ ಬರೆದಿಟ್ಟ ಯೋಗ. ಏಳು ಪದಾರ್ಥ. ಬಾನ್‌ಶಿಯಾ ಅನ್ನೋ ಗೆಡ್ಡೆ, ಒಣಶುಂಠಿ, ಜಿನ್‌ಸೆಂಗ್, ಬೋರೆ ಜಾತಿಯ ಕೆಂಪು ಹಣ್ಣು, ಎರಡು ಕಹಿಬೇರು, ಜೊತೆಗೆ ಜ್ಯೇಷ್ಠಮಧು. ಹಸಿ ಬಾನ್‌ಶಿಯಾ ಗೆಡ್ಡೆ ವಿಷ, ಬಾಯಿಗಿಟ್ಟರೆ ಗಂಟಲು ಉರಿದು ಮರಗಟ್ಟುತ್ತೆ, ನಮ್ಮ ಸುವರ್ಣಗೆಡ್ಡೆ ತುರಿಸೋದು ಇದರ ಮುಂದೆ ಏನೂ ಅಲ್ಲ. ಅದನ್ನು ಶುಂಠಿ, ಪಟಿಕಗಳಲ್ಲಿ ಸಂಸ್ಕರಿಸಿಯೇ ಬಳಸ್ತಾರೆ. ಇನ್ನೊಂದು ಔಷಧದಲ್ಲಿ ಸಮುದ್ರಫೇನದ ಪುಡಿ ಹಾಕ್ತಾರೆ. ಗಿಳಿ ಸಾಕೋರು ಪಂಜರಕ್ಕೆ ಸಿಕ್ಕಿಸ್ತಾರಲ್ಲ ಆ ಬಿಳೀ ಹಲ್ಲೆ, ಅದೇ. ಅದರಲ್ಲಿರೋದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಮೆಡಿಕಲ್ ಶಾಪಿನಲ್ಲಿ ಸಿಗೋ ಚೀಪೋ ಆಂಟಾಸಿಡ್ ಮಾತ್ರೆಗಳಲ್ಲಿ ಎಷ್ಟೋ ಸಲ ಇರೋದೂ ಅದೇ. ಅಂದ್ರೆ ಹಳಬರು ಹುಳಿಗೆ ಸುಣ್ಣ ಅಂತ ಕಂಡುಕೊಂಡಿದ್ದರಲ್ಲ, ಅದರಲ್ಲಿ ಮಂತ್ರ ಏನೂ ಇಲ್ಲ, ರಸಾಯನಶಾಸ್ತ್ರ ಇದೆ.

ಗುಳಿಗೆ ಜೊತೆಗೆ ಕಷಾಯ ಕೊಟ್ಟರೆ ಬರೀ ಗುಳಿಗೆಗಿಂತ ಹೆಚ್ಚು ಗುಣ ಕಾಣುತ್ತಾ? ಚೀನಾದಲ್ಲಿ ಈ ಬಗ್ಗೆ ನಡೆದ ಪ್ರಯೋಗಗಳು ರಾಶಿ ಇವೆ. ಬಹುತೇಕ ಎಲ್ಲವೂ ಹೌದು ಅಂತಾನೇ ಹೇಳ್ತವೆ. ಉರಿ ಕಡಿಮೆ ಆಯ್ತು, ಮರುಕಳಿಸೋದು ತಗ್ಗಿತು, ಹೀಗೆ.

ನನಗೆ ಅನುಮಾನ ಬರೋದೇ ಇಲ್ಲಿ. ಎಲ್ಲವೂ ಹೌದು ಅಂದ್ರೆ ಹೇಗೆ ಸ್ವಾಮಿ? 1998ರಲ್ಲಿ ಆಂಡ್ರೂ ವಿಕರ್ಸ್ ಮತ್ತು ಸಂಗಡಿಗರು ಒಂದು ಲೆಕ್ಕ ತೆಗೆದರು. ಹುಳಿತೇಗು ಒಂದಕ್ಕೇ ಅಲ್ಲ, ಎಲ್ಲ ಥರದ ಚಿಕಿತ್ಸೆಗಳ ಪ್ರಯೋಗಗಳನ್ನು ದೇಶವಾರು ಇಟ್ಟು ನೋಡಿದರು. ಇಂಗ್ಲೆಂಡಿನಲ್ಲಿ ನೂರಕ್ಕೆ 75 ಪ್ರಯೋಗ ಯಶಸ್ವಿ. ಚೀನಾದಲ್ಲಿ ನೂರಕ್ಕೆ 99! ಪರೀಕ್ಷೆ ಬರೆದ ನೂರು ಮಕ್ಕಳಲ್ಲಿ 99 ಮಂದಿ ರ‍್ಯಾಂಕ್ ಬಂದರೆ ನಾವು ಮಕ್ಕಳನ್ನು ಹೊಗಳ್ತೀವಾ, ಪರೀಕ್ಷಾ ಕೊಠಡಿಗೆ ಹೋಗಿ ನೋಡ್ತೀವಾ? ಫೇಲಾದ ಪ್ರಯೋಗಗಳು ಅಚ್ಚಾಗೋದಿಲ್ಲ ಅನ್ನೋದು ಒಂದು ಕಾರಣ. ರಾಷ್ಟ್ರಾಭಿಮಾನ ಅಂದೆನಲ್ಲ, ಅದರ ಒತ್ತಡವೂ ಇಲ್ಲ ಅನ್ನೋಕಾಗಲ್ಲ.

ಇನ್ನೂ ಒಂದು ತೊಡಕಿದೆ, ಇದಕ್ಕೆ ಯಾರ ತಪ್ಪೂ ಅಲ್ಲ. ಔಷಧ ನಿಜವಾಗಿ ಕೆಲಸ ಮಾಡ್ತಾ ಅಂತ ತಿಳಿಯೋಕೆ ಅರ್ಧ ಜನಕ್ಕೆ ಅಸಲಿ, ಅರ್ಧ ಜನಕ್ಕೆ ನಕಲಿ ಕೊಡಬೇಕು, ಯಾವುದು ಯಾವುದು ಅಂತ ಅವರಿಗೆ ಗೊತ್ತಾಗಬಾರದು. ಗುಳಿಗೆಗೆ ಸುಲಭ. ಆದರೆ ನಾಲಿಗೆ ಸೇದಿಹೋಗೋ ಕಷಾಯಕ್ಕೆ ನಕಲಿ ಎಲ್ಲಿಂದ ತರ್ತೀರಿ? ಅದಕ್ಕೇ ಬಹಳಷ್ಟು ಪ್ರಯೋಗಗಳಲ್ಲಿ ನಕಲಿ ಕಷಾಯವೇ ಇಲ್ಲ. ಕಹಿ ಕುಡಿದವನಿಗೆ ತಾನು ಎರಡು ಔಷಧ ತಗೊಳ್ತಿದೀನಿ ಅಂತ ಗೊತ್ತು, ವೈದ್ಯರಿಗೂ ಗೊತ್ತು. ಹಾಗಂತ ಕಷಾಯ ಕೆಲಸಕ್ಕೆ ಬಾರದ್ದು ಅಂತಲೂ ತೀರ್ಪು ಕೊಡೋಕೆ ಬರಲ್ಲ. ತೂ ಯೂಯೂ ಅನ್ನೋ ಹೆಣ್ಣುಮಗಳು ಇದೇ ಹಳೇ ಗ್ರಂಥಗಳನ್ನು ತಿರುವಿಹಾಕಿ, ಅಲ್ಲಿದ್ದ ಒಂದು ಗಿಡದಿಂದ ಮಲೇರಿಯಾ ಮದ್ದು ತೆಗೆದು 2015ರಲ್ಲಿ ನೊಬೆಲ್ ಪಡೆದರು. ಆದರೆ ಅವರು ಗ್ರಂಥದಲ್ಲಿದೆ ಅಂತ ಸುಮ್ಮನೆ ಕೂರಲಿಲ್ಲ. ಸಾರ ತೆಗೆದರು, ಅಳೆದರು, ಮೊದಲು ತಾವೇ ಕುಡಿದು ನೋಡಿದರು.

ಈಗ ಜ್ಯೇಷ್ಠಮಧುವಿಗೆ ಬರೋಣ. ಇದು ನಮಗೂ ಹತ್ತಿರದ ವಿಷಯ, ಯಾಕಂದ್ರೆ ಕೆಮ್ಮಿಗೆ, ಹೊಟ್ಟೆಯುರಿಗೆ ಅಂತ ನಮ್ಮ ಮನೆಗಳಲ್ಲೂ ಈ ಬೇರಿನ ಪುಡಿ ಇರುತ್ತೆ. 1940ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ರೆವರ್ಸ್ ಅನ್ನೋ ವೈದ್ಯ, ಹೊಟ್ಟೆಹುಣ್ಣಿಗೆ ಜ್ಯೇಷ್ಠಮಧು ಕೊಟ್ಟು ನೋಡಿದ. ಹುಣ್ಣು ವಾಸಿಯಾಗ್ತಾ ಬಂತು, ಆದರೆ ಕೆಲವರ ಮುಖ, ಕಾಲು ಊದಿಕೊಂಡವು. ಮುಂದೆ ಬ್ರಿಟನ್ನಿನಲ್ಲಿ ಇದೇ ಬೇರಿನಿಂದ ಕಾರ್ಬೆನೊಕ್ಸೊಲೋನ್ ಅನ್ನೋ ಔಷಧ ಮಾಡಿದರು. ಅದೂ ಅದೇ ಕಥೆ. ಹುಣ್ಣು ಮಾಯಿತು, ಬಿಪಿ ಏರಿತು, ರಕ್ತದಲ್ಲಿ ಪೊಟ್ಯಾಸಿಯಂ ಇಳೀತು. ಒಂದೇ ಬೇರು, ಗುಣವೂ ನಿಜ, ದೋಷವೂ ನಿಜ.

ಬೇರಿನ ಸತ್ವದ ಹೆಸರು ಗ್ಲಿಸಿರೈಜಿನ್. ದಿನಕ್ಕೆ 100 ಮಿಲಿಗ್ರಾಂ ದಾಟದಿರೋದು ಒಳ್ಳೇದು ಅಂತ ಯುರೋಪಿನ ಆಹಾರ ತಜ್ಞರ ಸಮಿತಿ ಹೇಳಿದೆ. ಚೀನಾದ ಔಷಧಕೋಶದ ಪ್ರಕಾರ ಒಳ್ಳೇ ಬೇರಿನಲ್ಲಿ ನೂರಕ್ಕೆ 2 ಪಾಲಾದರೂ ಈ ಸತ್ವ ಇರಬೇಕು. ಆರು ಗ್ರಾಂ ಬೇರು ಅಂದ್ರೆ 120 ಮಿಲಿಗ್ರಾಂ. ಎಲ್ಲವೂ ಕಷಾಯಕ್ಕೆ ಇಳಿಯಲ್ಲ, ಒಪ್ಪೋಣ. ನಾಲ್ಕು ದಿನ ಕುಡಿದರೆ ಏನಾಗಲ್ಲ. ತಿಂಗಳುಗಟ್ಟಲೆ ಕುಡಿದರೆ?

ಈಗ ಇದರ ಪಕ್ಕಕ್ಕೆ ಗುಳಿಗೆ ಇಡಿ. ಒಮೆಪ್ರಜೋಲ್ ಜಾತಿಯ ಗುಳಿಗೆಗಳನ್ನು ದೀರ್ಘಕಾಲ ತಗೊಂಡರೆ ಕೆಲವರಿಗೆ ರಕ್ತದಲ್ಲಿ ಮೆಗ್ನೀಸಿಯಂ ಕುಸಿಯಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2011ರಲ್ಲೇ ಎಚ್ಚರಿಸಿದ್ದಾರೆ. ಮೆಗ್ನೀಸಿಯಂ ಕಡಿಮೆಯಾದರೆ ದೇಹಕ್ಕೆ ಪೊಟ್ಯಾಸಿಯಂ ಹಿಡಿದಿಟ್ಟುಕೊಳ್ಳೋದು ಕಷ್ಟ. ಅತ್ತ ಬೇರು ಪೊಟ್ಯಾಸಿಯಂ ಇಳಿಸ್ತಿದೆ. ಅದೇ ಮನುಷ್ಯ ಬಿಪಿಗೆ ಮೂತ್ರ ಹೋಗೋ ಗುಳಿಗೆ ಬೇರೆ ನುಂಗ್ತಿದ್ದರೆ, ಅದರಲ್ಲಿ ಬಹಳಷ್ಟು ಬಗೆಯವು ಪೊಟ್ಯಾಸಿಯಂ ಹೊರಗೆ ಹಾಕ್ತವೆ. ಮೂರೂ ಬೇರೆ ಬೇರೆ ಬಾಗಿಲಿನಿಂದ ಬಂದು ಒಂದೇ ಕಡೆ ಸೇರ್ತವೆ. ಮೊದಲು ಸುಸ್ತು, ಮೀನಖಂಡ ಹಿಡಿಯೋದು. ಆಮೇಲೆ ಎದೆಬಡಿತ ತಪ್ಪೋದು. ಬೆಂಗಳೂರಿನ ಅಜ್ಜನೊಬ್ಬರಿಗೆ ಆದರೂ ಅಷ್ಟೇ, ಬೀಜಿಂಗಿನ ಅಜ್ಜನಿಗೆ ಆದರೂ ಅಷ್ಟೇ.

ಉಲ್ಟಾ ಹೊಡೆಯೋದೂ ಇದೆ. ಗಿಂಕೊ ಎಲೆಯ ಸಾರವನ್ನು ನೆನಪಿನ ಶಕ್ತಿಗೆ ಅಂತ ಅಲ್ಲಿನ ಹಿರಿಯರು ತಗೊಳ್ತಾರೆ, ಇಲ್ಲೂ ಮಾತ್ರೆ ಸಿಗುತ್ತೆ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರೋಗ್ಯವಂತ ಚೀನೀಯರಿಗೆ ಕೆಲದಿನ ಗಿಂಕೊ ಕೊಟ್ಟು ಆಮೇಲೆ ಒಮೆಪ್ರಜೋಲ್ ಕೊಟ್ಟರು. ಗುಳಿಗೆ ರಕ್ತದಲ್ಲಿ ಬೇಗ ಕರಗಿಹೋಯ್ತು. ನೆನಪಿಗೆ ಅಂತ ತಿಂದದ್ದು ಹೊಟ್ಟೆಯ ಔಷಧವನ್ನು ತಿಂದುಹಾಕ್ತು! ಸಮುದ್ರಫೇನದ ಪುಡಿಯೂ ಅಷ್ಟೇ, ಥೈರಾಯ್ಡ್ ಗುಳಿಗೆ, ಕಬ್ಬಿಣದ ಗುಳಿಗೆ ಜೊತೆಗೇ ತಗೊಂಡರೆ ಅವು ಮೈಗೆ ಹತ್ತೋದಿಲ್ಲ.

ಇನ್ನು ಹೆಸರು ನೋಡಿ ಮೋಸ ಹೋಗೋದು. ಸಕ್ಕರೆ ಕಾಯಿಲೆಗೆ ಶಿಯಾವೊಕೆ ವಾನ್ ಅನ್ನೋ ಚೀನೀ ಗುಳಿಗೆ ಇದೆ. ಗಿಡಮೂಲಿಕೆ ಅಂತ ಜನ ಕೊಳ್ತಾರೆ. ಅದರೊಳಗೆ ಗ್ಲಿಬೆನ್‌ಕ್ಲಮೈಡ್ ಅನ್ನೋ ಅಪ್ಪಟ ಅಲೋಪತಿ ಔಷಧ ಇದೆ, ಅದೂ ಕಾನೂನುಬದ್ಧವಾಗಿ. ವೈದ್ಯರು ಕೊಟ್ಟ ಸಕ್ಕರೆ ಗುಳಿಗೆ ಜೊತೆ ಇದನ್ನೂ ನುಂಗಿದವನ ಗತಿ ಏನು? ಹುಳಿತೇಗಿನವರೂ ತಾವು ತಗೊಳ್ಳೋ ಡಬ್ಬಿಯ ಹಿಂಬದಿ ಓದಬೇಕಾದ್ದು ಅದಕ್ಕೇ.

ಇಷ್ಟೆಲ್ಲ ಹೇಳಿದ ಮೇಲೂ ಚೀನಾದ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ ಒಂದು ಅಂಶ ಇದೆ. ಎರಡೂ ಔಷಧ ಒಂದೇ ಆಸ್ಪತ್ರೆಯ ಒಂದೇ ಕಡತದಲ್ಲಿ ಬರುತ್ತೆ. ಏನಾದರೂ ಎಡವಟ್ಟಾದರೆ ಯಾವುದರ ಜೊತೆ ಯಾವುದು ಅಂತ ಹುಡುಕೋಕೆ ದಾಖಲೆ ಇರುತ್ತೆ. ನಮ್ಮಲ್ಲಿ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್, ಮಧ್ಯಾಹ್ನ ಆಯುರ್ವೇದದ ಚೂರ್ಣ, ರಾತ್ರಿ ಪಕ್ಕದ ಮನೆಯವರು ಹೇಳಿದ ಕಷಾಯ. ಬೆರಕೆ ನಮ್ಮಲ್ಲೂ ಆಗ್ತಿದೆ ಸ್ವಾಮಿ, ಬರವಣಿಗೆಯಲ್ಲಿ ಮಾತ್ರ ಇಲ್ಲ. ಡಾಕ್ಟರಿಗೆ ಹೇಳಿದರೆ ಬೈತಾರೆ ಅಂತ ಚೂರ್ಣ ಮುಚ್ಚಿಡ್ತಾರೆ. ಪಂಡಿತರಿಗೆ ಬೇಜಾರಾಗುತ್ತೆ ಅಂತ ಗುಳಿಗೆ ಮುಚ್ಚಿಡ್ತಾರೆ.

ಆ ಕಷಾಯದ ಎರಡು ಕಹಿಬೇರುಗಳಲ್ಲಿ ಒಂದು ಹ್ವಾಂಗ್‌ಲಿಯಾನ್. ಅದರ ಮೇಲೆ ಚೀನೀಯರಲ್ಲಿ ಒಂದು ಗಾದೆ ಇದೆ: ಮೂಗ ಹ್ವಾಂಗ್‌ಲಿಯಾನ್ ತಿಂದ ಹಾಗೆ. ಕಹಿ ಅನುಭವಿಸಬೇಕು, ಹೇಳೋಕಾಗಲ್ಲ. ನಮ್ಮ ರೋಗಿಯದ್ದು ಅದೇ ಪಾಡು. ಇದರಲ್ಲಿ ವೈದ್ಯರ ಪಾಲೂ ಇದೆ. "ಬೇರೆ ಏನಾದ್ರೂ ತಗೊಳ್ತಿದೀರಾ?" ಅಂತ ಸಿಡುಕದೆ ಕೇಳೋಕೆ ಅರ್ಧ ನಿಮಿಷ ಸಾಕು. ಚೀಟಿಯಲ್ಲಿ ಅದಕ್ಕೊಂದು ಸಾಲು ಇಟ್ಟರೆ ಇನ್ನೂ ಒಳ್ಳೇದು.

ನೀವೂ ಮುಂದಿನ ಸಲ ಡಾಕ್ಟರ ಹತ್ರ ಹೋಗುವಾಗ ಹೆಸರು ನೆನಪಿಟ್ಟುಕೊಳ್ಳೋ ಗೋಜಿಗೆ ಹೋಗಬೇಡಿ. ಮನೆಯಲ್ಲಿರೋ ಡಬ್ಬಿ, ಸೀಸೆ, ಪೊಟ್ಟಣ ಎಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಮತ್ತೆ, ಅನ್ನ ಗಂಟಲಲ್ಲಿ ಸಿಕ್ಕಿಕೊಂಡ ಹಾಗಾಗೋದು, ಮಲ ಟಾರಿನ ಹಾಗೆ ಕಪ್ಪಾಗೋದು, ರಕ್ತ ವಾಂತಿ, ಕಾರಣ ಇಲ್ಲದೆ ತೂಕ ಇಳಿಯೋದು, ಇವು ಕಂಡರೆ ಕಷಾಯವೂ ಬೇಡ, ಗುಳಿಗೆ ಬದಲಾಯಿಸಿ ನೋಡೋದೂ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಿ. ಉರಿ ಎಡಗೈಗೆ, ದವಡೆಗೆ ಹರಿದು ಬೆವರು ಕಿತ್ತುಕೊಂಡರೆ ಅದು ಹೃದಯದ್ದಿರಬಹುದು, ಆಗ ಬೆಳಗಾಗೋವರೆಗೆ ಕಾಯಬೇಡಿ.